ಖಾಲಿ ವರ್ಷ ಯಾಕ ಖಾಲಿ? ದೇಶ-ದೇಶದ ನಡುವಿನ ಮಿಲ್ಟ್ರಿ ಮಾತುಕತಿ ಓದೂದು ಹೆಂಗ

ಮುದ್ದೇಬಿಹಾಳದ ಒಬ್ಬ ತಮ್ಮ ಫೋನ್ ಮಾಡಿದ್ದ, ಬಿಎ ಕಡೀ ವರ್ಷ, ಪೊಲಿಟಿಕಲ್ ಸೈನ್ಸ್. "ಸರ್, ಈ ಡಿಫೆನ್ಸ್ ಡಿಪ್ಲೊಮಸಿ ಅಂತಾರಲ್ರಿ, ದೇಶ-ದೇಶದ ನಡುವಿನ ಮಿಲ್ಟ್ರಿ ಮಾತುಕತಿ, ಅದನ್ನ ಓದಬೇಕಂತ ಭಾಳ ಮನಸೈತಿ, ಯಾವ ಪುಸ್ತಕದಿಂದ ಶುರು ಮಾಡ್ಲಿ" ಅಂದ. ಪುಸ್ತಕ ಆಮ್ಯಾಲೆ ಹೇಳ್ತೀನಿ, ಮೊದಲ ಒಂದು ಹಾಳಿ ತಗೊಂಡು 2007ರಿಂದ 2020ರ ತನಕ ವರ್ಷ ಸಾಲಾಗಿ ಬರಕೊ ಅಂದೆ. ಅವಗ ಹೇಳಿದ್ದನ್ನ ಇಲ್ಲಿ ಪೂರ್ತಿ ಬರೀತೀನಿ, ಯಾಕಂದ್ರ ನಮ್ಮ ಕಡೆ ಹುಡುಗ್ರು ಹುಡುಗ್ಯಾರು ಈ ವಿಷಯ ದಿಲ್ಲಿಯವರ ವಿಷಯ ಅಂತ ಬಿಟ್ಟಬಿಡ್ತಾರ, ಬೆಳಗಾವಿ ಕ್ಯಾಂಪಿನ ಮುಂದ ದಿನಾ ಬಸ್ಸಿನ್ಯಾಗ ಹಾದು ಹೋಗೂವಂಥವರೂ ಹಂಗ ಅಂತಾರ, ಅದು ನನಗ ಭಾಳ ಕೆಟ್ಟ ಅನಸ್ತೈತಿ.

ಆ ಹಾಳಿ ಮ್ಯಾಲೆ ಬರಿಯಾಕ ಹೇಳಿದ್ದು ಭಾರತ-ಚೀನಾದ ಜಂಟಿ ಸಮರಾಭ್ಯಾಸ, ಹ್ಯಾಂಡ್ ಇನ್ ಹ್ಯಾಂಡ್ ಅಂತ ಅದರ ಹೆಸರು. ಮೊದಲನೇದು 2007 ಡಿಸೆಂಬರ್, ಚೀನಾದ ಕುನ್ಮಿಂಗ್‌ನ್ಯಾಗ. ಎರಡನೇದು 2008 ಡಿಸೆಂಬರ್, ಎಲ್ಲಿ ಅಂದ್ರ ನಮ್ಮ ಬೆಳಗಾವ್ಯಾಗ. ಖರೇನ, ಚೀನಾದ ಸೈನಿಕರು ಬೆಳಗಾವಿಗೆ ಬಂದು ನಮ್ಮ ಮರಾಠಾ ಲೈಟ್ ಇನ್‌ಫೆಂಟ್ರಿ ಜವಾನರ ಜೋಡಿ ಭಯೋತ್ಪಾದನೆ ತಡಿಯೂ ಟ್ರೇನಿಂಗ್ ಮಾಡಿ ಹೋದರು. ಆಮ್ಯಾಲೆ 2009 ಖಾಲಿ, 2010 ಖಾಲಿ, 2011, 2012 ಎರಡೂ ಖಾಲಿ. 2013ರಾಗ ಮತ್ತ ಶುರು ಆತು, 2014, 2015, 2016 ಸಾಲಾಗಿ ನಡೀತು, 2017 ಖಾಲಿ, 2018ರಾಗ ಚೆಂಗ್ಡು, 2019 ಡಿಸೆಂಬರ್‌ನ್ಯಾಗ ಮೇಘಾಲಯದ ಉಮ್ರೋಯಿ. 2020ಕ್ಕ ಮತ್ತ ಖಾಲಿ.

ಈಗ ನಿಮ್ಮ ಕೆಲಸ ಏನಂದ್ರ ಆ ಖಾಲಿ ವರ್ಷ ಯಾಕ ಖಾಲಿ ಅಂತ ಹುಡುಕೂದು. 2010ರಾಗ ನಮ್ಮ ಉತ್ತರ ಕಮಾಂಡಿನ ಮುಖ್ಯಸ್ಥರು ಲೆಫ್ಟಿನೆಂಟ್ ಜನರಲ್ ಬಿ.ಎಸ್. ಜಸ್ವಾಲ್ ಅವರಿಗೆ ಚೀನಾ ವೀಸಾ ಕೊಡಲಿಲ್ಲ, ಅವರ ಕಮಾಂಡಿನ ಕೆಳಗ ಜಮ್ಮು-ಕಾಶ್ಮೀರ ಬರ್ತೈತಿ ಅಂಬೂದ ತಕರಾರು, ಅದಕ್ಕ ಭಾರತ ದೊಡ್ಡ ಮಟ್ಟದ ಮಿಲ್ಟ್ರಿ ಭೇಟಿಗಳನ್ನ ನಿಲ್ಲಿಸಿಬಿಡ್ತು. 2017 ಅಂದ್ರ ಭೂತಾನ್ ಗಡಿ ಕಡೆ ಡೋಕ್ಲಾಮ್, 73 ದಿನ ಎರಡೂ ಕಡೆ ಸೈನಿಕರು ಎದರಾ-ಬದರಾ ನಿಂತಿದ್ದರು. 2020ರ ಜೂನ್ 15 ಲಡಾಖಿನ ಗಾಲ್ವಾನ್, ಚೀನಾ ಸೈನಿಕರ ಜೋಡಿ ಬಡದಾಟದಾಗ ನಮ್ಮ 20 ಮಂದಿ ಹುತಾತ್ಮರಾದರು. ಉಮ್ರೋಯಿದಾಗ ಕೂಡಿ ಟ್ರೇನಿಂಗ್ ಮಾಡಿ ಆರ ತಿಂಗಳಾಗಿತ್ತು ಅಷ್ಟ. ಅಂದ್ರ ಜಂಟಿ ಅಭ್ಯಾಸ ನಡದೈತಿ ಅಂದಕೂಡ್ಲೆ ದೋಸ್ತಿ ಗಟ್ಟಿ ಆತು ಅಂತ ತಿಳಕೋಬಾರದು. ಅದು ಥರ್ಮಾಮೀಟರ್ ಇದ್ದಂಗ, ಜ್ವರ ಎಷ್ಟೈತಿ ತೋರಸ್ತೈತಿ, ಜ್ವರ ಇಳಸೂದಿಲ್ಲ. ಒಂದ ಹಾಳಿಯಿಂದ ಇಷ್ಟು ಗೊತ್ತಾಕ್ಕೈತಿ, ಟಿವಿ ಡಿಬೇಟ್ ಒಂದು ವರ್ಷ ನೋಡಿದ್ರೂ ಇದು ಸಿಗೂದಿಲ್ಲ.

ಹಿಂಗ ಯಾವುದರ ಒಂದು ಅಭ್ಯಾಸ ಹಿಡಕೊಂಡು ವರ್ಷದ ಪಟ್ಟಿ ಮಾಡ್ರಿ. ಭಾರತ-ಮಾಲ್ದೀವ್ಸ್‌ದು ಏಕುವೆರಿನ್ ಅಂತೈತಿ, ಅವರ ಧಿವೇಹಿ ಭಾಷಾದಾಗ ಗೆಳೆಯರು ಅಂತ ಅರ್ಥ, ಅದರ ಮೊದಲನೇದು 2009ರಾಗ ನಡದದ್ದೂ ಬೆಳಗಾವ್ಯಾಗನ. ಅಮೆರಿಕದ ಜೋಡಿ ಮಲಬಾರ್ ಅಂಬೂ ನೌಕಾ ಅಭ್ಯಾಸ 1992ರಾಗ ಶುರು ಆತು, 1998ರ ಅಣು ಪರೀಕ್ಷೆ ಆದ ಮ್ಯಾಲೆ ನಿಂತು ಹೋತು, 2002ಕ್ಕ ಮತ್ತ ಚಾಲೂ, 2015ರಿಂದ ಜಪಾನ್ ಕಾಯಂ, 2020ರಾಗ ಆಸ್ಟ್ರೇಲಿಯಾ ವಾಪಸ್ ಬಂತು. ಯಾವ ವರ್ಷ ಯಾರು ಬಂದರು, ಯಾರು ಬಿಟ್ಟು ಹೋದರು, ಆ ವರ್ಷ ಬ್ಯಾರೆ ಏನ ನಡದಿತ್ತು, ಬಾಜೂಕ ಬರಕೋರಿ.

ಇನ್ನ ಒಂದ ಅಭ್ಯಾಸದ ಪ್ರೆಸ್ ನೋಟ್ ಹೆಂಗ ಓದಬೇಕು ಅಂಬೂದು. ಭಾರತ-ಜಪಾನಿನ ಧರ್ಮ ಗಾರ್ಡಿಯನ್ 2022ರ ಫೆಬ್ರವರಿ 27ರಿಂದ ಮಾರ್ಚ್ 10ರ ತನಕ ಬೆಳಗಾವಿಯ ಫಾರಿನ್ ಟ್ರೇನಿಂಗ್ ನೋಡ್‌ನ್ಯಾಗ ನಡೀತು. ನಮ್ಮ ಕಡೆಯಿಂದ ಮರಾಠಾ ಲೈಟ್ ಇನ್‌ಫೆಂಟ್ರಿಯ 15ನೇ ಬಟಾಲಿಯನ್, ಅವರ ಕಡೆಯಿಂದ 30ನೇ ಇನ್‌ಫೆಂಟ್ರಿ ರೆಜಿಮೆಂಟ್. ಮುಂದಿನ ವರ್ಷ 2023ರಾಗ ಅದು ಜಪಾನಿನ ಶಿಗಾ ಪ್ರಾಂತದ ಇಮಾಜು ಕ್ಯಾಂಪಿನ್ಯಾಗ ಆತು, ಅಂದ್ರ ಒಂದ ವರ್ಷ ನಮ್ಮ ಮನಿ, ಒಂದ ವರ್ಷ ಅವರ ಮನಿ. ಪೇಪರ್‌ನವರು ಇಷ್ಟು ಬರದು ಫೋಟೋ ಹಾಕಿ ಬಿಡ್ತಾರ. ನೀವು ಕೇಳಬೇಕಾದ್ದು: ಎಷ್ಟು ಮಂದಿ ಬಂದರು, ಸಣ್ಣ ತುಕಡಿ ಪ್ಲಟೂನೋ, ಅದಕ್ಕಿಂತ ದೊಡ್ಡ ಕಂಪನಿಯೋ, ಭಾಳ ದೊಡ್ಡ ಬ್ರಿಗೇಡೋ? ಭೂಸೇನಾ ಅಷ್ಟನೋ ಮೂರೂ ಸೇನಾನೋ? ಕಾಡಿನ್ಯಾಗಿಂದೋ ಊರಾಗಿಂದೋ ಸಮುದ್ರದ್ದೋ? ಅಭ್ಯಾಸದ ಹಿಂದ-ಮುಂದ ಯಾವ ಒಪ್ಪಂದಕ್ಕ ಸಹಿ ಬಿತ್ತು? ಇಲ್ಲಿ ನೋಡ್ರಿ, 2020 ಸೆಪ್ಟೆಂಬರ್‌ನ್ಯಾಗ ಭಾರತ-ಜಪಾನ್ ಒಬ್ಬರ ಸೇನಾಕ್ಕ ಒಬ್ಬರು ಎಣ್ಣಿ, ರೇಷನ್, ರಿಪೇರಿ ಕೊಡೂ ಒಪ್ಪಂದಕ್ಕ ಸಹಿ ಹಾಕಿದ್ದವು, ಅದು 2021ರಾಗ ಜಾರಿಗೆ ಬಂತು. ಅದನ್ನ ಇದಕ್ಕ ಜೋಡಸಿ ನೋಡಿದ್ರ ಬೆಳಗಾವಿಗೆ ಬಂದ ಆ ಹನ್ನೆರಡ ದಿನದ ಅಭ್ಯಾಸಕ್ಕ ಬ್ಯಾರೆ ತೂಕ ಬರ್ತೈತಿ.

ಒಂದು ಮಾತು ಇಲ್ಲೇ ಹೇಳಿ ಬಿಡ್ತೀನಿ. ಕ್ಯಾಂಪ್ ಕಡೆ ಹೋಗಿ ಫೋಟೋ ಹೊಡಿಯೂದು, ಪರಿಚಯದ ಜವಾನರನ್ನ ಡ್ಯೂಟಿ ವಿಷಯ ಕೇಳೂದು, ಗಾಡಿ ಎಣಿಸೂದು ಇವೆಲ್ಲಾ ಬ್ಯಾಡ. ಸರಕಾರ ತಾನಾಗಿ ಹೊರಗ ಬಿಟ್ಟದ್ದು ಓದಿದ್ರ ಸಾಕು, ಜೀವಮಾನ ಓದಿದ್ರೂ ಮುಗಿಯಂಗಿಲ್ಲ.

ಈಗ ಮೆಟ್ಟಲಿನ ವಿಷಯ. ನಮ್ಮ ಹಳ್ಯಾಗ ಎರಡು ಮನಿ ನಡುವ ಬಳಕಿ ಹೆಂಗ ಬೆಳೀತೈತಿ ನೆನಸ್ಕೋರಿ, ಮೊದಲ ಕಟ್ಟಿ ಮ್ಯಾಲೆ ಕುಂತು ಮಾತು, ಆಮ್ಯಾಲೆ ಹಬ್ಬಕ್ಕ ಹೋಳಿಗಿ ಕಳಸೂದು, ಆಮ್ಯಾಲೆ ಬಿತ್ತಿಗಿ ಟೈಮಿಗೆ ಎತ್ತು ಕೊಟ್ಟು ತಗೊಳ್ಳೂದು, ಮುಯ್ಯಾಳು ಹೋಗೂದು, ಆಮ್ಯಾಲೆ ಒಂದ ಬಾವಿ ನೀರಿಗೆ ಪಾಳಿ ಹಚ್ಚೂದು, ಕಡೀಕ ಬೀಗತನ. ದೇಶ-ದೇಶದ್ದೂ ಹಿಂಗ ಮೆಟ್ಟಲ ಮೆಟ್ಟಲ ಏರ್ತೈತಿ. ಮೊದಲ ಹಡಗು ಬಂದರಿಗೆ ಬಂದು ಹೋಗೂದು, ಜನರಲ್‌ಗಳ ಭೇಟಿ. ಆಮ್ಯಾಲೆ ಅವರ ಆಫೀಸರ್‌ಗಳಿಗೆ ನಮ್ಮ ವೆಲಿಂಗ್ಟನ್ ಸ್ಟಾಫ್ ಕಾಲೇಜಿನ್ಯಾಗ, ದಿಲ್ಲಿ ನ್ಯಾಷನಲ್ ಡಿಫೆನ್ಸ್ ಕಾಲೇಜಿನ್ಯಾಗ ಸೀಟ್ ಕೊಡೂದು. ಈ ಮೆಟ್ಟಲನ್ನ ಯಾರೂ ಗಮನಿಸೂದಿಲ್ಲ, ನನ್ನ ಕೇಳಿದ್ರ ಭಾಳ ದೊಡ್ಡದು, ಯಾಕಂದ್ರ ಒಂದ ವರ್ಷ ಜೊತಿಗೆ ಉಂಡು ಓದಿದವರು ಇಪ್ಪತ್ತ ವರ್ಷದ ಮ್ಯಾಲೆ ತಮ್ತಮ್ಮ ದೇಶದಾಗ ದೊಡ್ಡ ಹುದ್ದೆಕ್ಕ ಬಂದಾಗ ಫೋನ್ ಎತ್ತಿ ಮಾತಾಡೂವಷ್ಟು ಸಲಿಗಿ ಇರ್ತೈತಿ. ಆಮ್ಯಾಲೆ ಜಂಟಿ ಅಭ್ಯಾಸ. ಅದಾದ ಮ್ಯಾಲೆ ಎಣ್ಣಿ-ರೇಷನ್ ಒಪ್ಪಂದ, ಅಮೆರಿಕದ ಜೋಡಿ 2016ರಾಗ ಆದ ಲೆಮೋವಾ ಇಂಥಾದ್ದ. ಆವಾಗ ನಮ್ಮ ದೇಶದಾಗ ಅಮೆರಿಕದ ಮಿಲ್ಟ್ರಿ ನೆಲಿ ಕೊಟ್ಟರು ಅಂತ ಗದ್ದಲ ಎದ್ದಿತ್ತು, ಒಪ್ಪಂದದಾಗ ನೆಲಿ ಕೊಡೂ ಮಾತ ಇಲ್ಲ, ಸಾಮಾನು ಕೊಟ್ಟು ಲೆಕ್ಕ ಹಿಡದು ರೊಕ್ಕ ತಗೊಳ್ಳೂ ವ್ಯವಸ್ಥಾ ಅಷ್ಟ. ಅದರ ಮ್ಯಾಲಿನ ಮೆಟ್ಟಲು ಗುಟ್ಟಿನ ಸಂಪರ್ಕ ಹಂಚಿಕೊಳ್ಳೂದು, 2018ರ ಕಾಮ್‌ಕಾಸಾ, ನಕಾಶೆ-ಉಪಗ್ರಹ ಮಾಹಿತಿ ಸಲುವಾಗಿ 2020ರ ಬೆಕಾ. ಆಮ್ಯಾಲೆ ಕೂಡಿ ಶಸ್ತ್ರ ಮಾಡೂದು. ಬ್ರಹ್ಮೋಸ್ ಕ್ಷಿಪಣಿ ಕಂಪನಿಗೆ ರಷ್ಯಾದ ಜೋಡಿ 1998ರಾಗ ಸಹಿ ಬಿತ್ತು, ಬ್ರಹ್ಮಪುತ್ರಾ ಮತ್ತ ಮಾಸ್ಕ್ವಾ ಎರಡು ನದಿ ಹೆಸರು ಕೂಡಿಸಿ ಬ್ರಹ್ಮೋಸ್. ಅದನ್ನ 2022ರಾಗ ಫಿಲಿಪೀನ್ಸಿಗೆ ಮಾರೂ ಒಪ್ಪಂದ ಆತು, 2024 ಏಪ್ರಿಲ್‌ಗೆ ಮಾಲು ಮುಟ್ಟಿತು. ಈಗ ನಕಾಶೆ ತಗದು ಫಿಲಿಪೀನ್ಸ್ ಎಲ್ಲೈತಿ, ಅದರ ಎದರಿಗೆ ಯಾವ ಸಮುದ್ರ, ಅಲ್ಲಿ ಯಾರ ಜೋಡಿ ಅವರ ಜಗಳ ನೋಡ್ರಿ, ನಾ ಏನೂ ಹೇಳೂದ ಬ್ಯಾಡ.

ಕಡೀ ಮೆಟ್ಟಲು, ಒಬ್ಬರ ಮ್ಯಾಲೆ ದಾಳಿ ಆದ್ರ ಎಲ್ಲಾರ ಮ್ಯಾಲೆ ಆದಂಗ ಅಂಬೂ ಒಪ್ಪಂದ. ಅಮೆರಿಕ-ಯುರೋಪ ದೇಶಗಳ ಮಿಲ್ಟ್ರಿ ಒಕ್ಕೂಟ ನೇಟೋದ 1949ರ ಒಪ್ಪಂದದ 5ನೇ ಕಲಂ ಅದನ್ನ ಹೇಳ್ತೈತಿ, ಇಲ್ಲೀತನಕ ಅದು ಬಳಕೆ ಆದದ್ದು ಒಂದ ಸಲ, 2001 ಸೆಪ್ಟೆಂಬರ್ 11ರ ದಾಳಿ ಆದಾಗ. ಈಗ ಅದರ ಬಾಜೂಕ 1971ರ ಆಗಸ್ಟ್ 9ಕ್ಕ ಸಹಿ ಆದ ಭಾರತ-ಸೋವಿಯತ್ ಒಪ್ಪಂದದ 9ನೇ ಕಲಂ ಇಡ್ರಿ. ಬಾಂಗ್ಲಾ ಯುದ್ಧಕ್ಕ ನಾಕ ತಿಂಗಳು ಮೊದಲಿನ ಮಾತು. ಅದರಾಗ ದಾಳಿ ಆದ್ರ ನಾವೂ ಯುದ್ಧಕ್ಕ ಇಳೀತೀವಿ ಅಂತ ಇಲ್ಲ, ದಾಳಿ ಅಥವಾ ದಾಳಿ ಬೆದರಿಕಿ ಬಂದ್ರ ಕೂಡ್ಲೆ ಇಬ್ಬರೂ ಸಮಾಲೋಚನೆ ಮಾಡ್ತೀವಿ ಅಂತೈತಿ. ಆ ಸಮಾಲೋಚನೆ ಅಂಬೂ ಒಂದ ಶಬ್ದದಿಂದ ಭಾರತ ತಾನು ಯಾವ ಬಣಕ್ಕೂ ಸೇರಿಲ್ಲ ಅಂತ ಹೇಳಾಕ ಜಾಗಾ ಉಳೀತು, ಎದುರಿನವರಿಗೂ ಸೋವಿಯತ್ ಏನ ಮಾಡ್ತೈತೋ ಅಂಬೂ ಅಂಜಿಕಿ ಉಳೀತು. ಇದನ್ನ ಕ್ಲಾಸಿನ್ಯಾಗ ಹೇಳೂ ಮುಂದ ಈಗೂ ನನ್ನ ಮೈ ಜುಂ ಅಂತೈತಿ, ಒಂದ ಶಬ್ದ ಆರಿಸಾಕ ಎಷ್ಟು ರಾತ್ರಿ ಕುಂತಿರಬೇಕು ಆ ಮಂದಿ.

ಅದಕ್ಕ ಎರಡನೇ ಪಾಠ, ಮೂಲ ಒಪ್ಪಂದ ಓದ್ರಿ, ಅದರ ಬಗ್ಗೆ ಬರದದ್ದು ಆಮ್ಯಾಲೆ. ಇಂಗ್ಲಿಷ್ ಗಟ್ಟಿ ಐತಿ ಅಂತ ಅಂಜಬ್ಯಾಡ್ರಿ, ಬಾಳಷ್ಟು ಒಪ್ಪಂದ ನಾಕೈದ ಪುಟದ್ದು ಇರ್ತಾವ. ದಿನಾ ಒಂದ ಕಲಂ ಓದಿ ಅದನ್ನ ನಿಮ್ಮ ಮನ್ಯಾಗಿನ ಕನ್ನಡದಾಗ ಬರೀರಿ, ನಿಮ್ಮ ಅವ್ವಗ ಓದಿ ಹೇಳಿದ್ರ ತಿಳೀಬೇಕು ಹಂಗ. ಎಲ್ಲಿ ಬರಿಯಾಕ ಆಗೂದಿಲ್ಲ ಅಲ್ಲಿ ನಿಮಗ ತಿಳದಿಲ್ಲ ಅಂತ ಅರ್ಥ. ಶುರುವಿಗೆ ನಾ ಕೊಡೂದು 1996ರ ಭಾರತ-ಚೀನಾ ಒಪ್ಪಂದ. ಅದರ 6ನೇ ಕಲಂನ್ಯಾಗ ವಾಸ್ತವ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರ್ ಒಳಗ ಗುಂಡು ಹಾರಿಸಬಾರದು, ಸ್ಫೋಟ ಮಾಡಬಾರದು ಅಂತೈತಿ. ಗಾಲ್ವಾನಿನ್ಯಾಗ ಯಾಕ ಗುಂಡು ಹಾರಲಿಲ್ಲ, ಬಡಗಿ-ಕಲ್ಲಿನ್ಯಾಗ ಯಾಕ ಅಷ್ಟು ಜೀವ ಹೋದವು ಅಂತ ಕೇಳೂ ಮಂದಿಗೆ ಈ ಕಲಂ ಓದಿಸಬೇಕು. ಕಾಗದ ಗುಂಡನ್ನ ತಡೀತು, ಜೀವ ಹೋಗೂದನ್ನ ತಡೀಲಿಲ್ಲ, ಎರಡೂ ಖರೇನ.

ನಮ್ಮ ಓಣ್ಯಾಗ ಒಬ್ಬ ಮಿಲ್ಟ್ರಿ ಕಾಕಾ ಅದಾರ, ಸಿಕ್ಕಿಂ ಕಡೆ ಇದ್ದು ಬಂದವರು. ಗಸ್ತಿನ್ಯಾಗ ಎದರಿನ ಸೈನಿಕರು ಅಡ್ಡ ಬಂದ್ರ ಬ್ಯಾನರ್ ಬಿಚ್ಚಿ ಹಿಡೀಬೇಕು, ಇದು ನಮ್ಮ ಜಾಗಾ, ಹಿಂದ ಹೋಗ್ರಿ ಅಂತ ಬರದಿರ್ತೈತಿ ಇಂಗ್ಲಿಷಿನ್ಯಾಗ ಚೀನಿ ಭಾಷಾದಾಗ, ಅವರೂ ತಮ್ಮದು ಬಿಚ್ಚತಾರ. "ತಂಪಿಗೆ ಕೈ ಸೆಟದು ಬಟ್ಟಿ ಬಿಚ್ಚಾಕ ಬರೂದಿಲ್ಲಪ, ಗಾಳಿಗೆ ಪಟಪಟ ಬಡೀತೈತಿ, ಬಂದೂಕ ಬೆನ್ನಿಗೆ ಇದ್ದರೂ ಮುಟ್ಟಂಗಿಲ್ಲ, ಬ್ಯಾನರ್ ಹಿಡಕೊಂಡು ತಾಸಗಟ್ಟಲೆ ನಿಂದರಬೇಕು" ಅಂತ ಕಾಕಾ ಎರಡೂ ಕೈ ಚಾಚಿ ತೋರಸ್ತಾರ. ಇಂಥವರ ಮಾತು ಕೇಳ್ರಿ, ಅವರು ತಾವಾಗಿ ಹೇಳಿದಷ್ಟ ಕೇಳ್ರಿ, ಮ್ಯಾಲೆ ಕೆದಕಬ್ಯಾಡ್ರಿ. ನಮ್ಮ ಬೆಳಗಾವಿ, ಗೋಕಾಕ, ಜಮಖಂಡಿ ಕಡೆ ಊರೂರಿಗೆ ಮಾಜಿ ಸೈನಿಕರು ಅದಾರ, ದಿಲ್ಲಿ ವಿದ್ಯಾರ್ಥಿಗೆ ಇಲ್ಲದ ಭಾಗ್ಯ ಇದು.

ಸುದ್ದಿಗೆ ಬರದಂಥ ಒಪ್ಪಂದಗಳ ಮ್ಯಾಲೆ ಜಾಸ್ತಿ ಕಣ್ಣಿಡ್ರಿ. ಭಾರತ-ಪಾಕಿಸ್ತಾನ 1988ರ ಡಿಸೆಂಬರ್ 31ಕ್ಕ ಒಬ್ಬರ ಅಣು ಕೇಂದ್ರಗಳ ಮ್ಯಾಲೆ ಒಬ್ಬರು ದಾಳಿ ಮಾಡೂದಿಲ್ಲ ಅಂತ ಸಹಿ ಹಾಕಿದವು, 1992ರಿಂದ ಪ್ರತಿ ವರ್ಷ ಜನವರಿ 1ಕ್ಕ ಎರಡೂ ದೇಶ ತಮ್ಮ ಅಣು ಕೇಂದ್ರಗಳ ಪಟ್ಟಿ ಒಬ್ಬರಿಗೊಬ್ಬರು ಕೊಡ್ತಾವ. ಕಾರ್ಗಿಲ್ ಆದ ಮುಂದಿನ ಜನವರಿಗೂ ಕೊಟ್ಟವು, ಪುಲ್ವಾಮಾ-ಬಾಲಾಕೋಟ್ ಆದ ಮುಂದಿನ ಜನವರಿಗೂ ಕೊಟ್ಟವು. ಎರಡೂ ಕಡೆ ಸೇನಾ ಕಾರ್ಯಾಚರಣೆ ನೋಡೂ ಮುಖ್ಯಸ್ಥರು, ಡಿಜಿಎಂಒ ಅಂತಾರ, ಅವರ ನಡುವ ಹಾಟ್‌ಲೈನ್ ಫೋನ್ ಐತಿ, 2021ರ ಫೆಬ್ರವರಿಯೊಳಗ ಗಡಿ ಮ್ಯಾಲೆ ಗುಂಡು ನಿಲ್ಲಿಸೂ ಜಂಟಿ ಹೇಳಿಕಿ ಬಂದದ್ದು ಈ ದಾರಿಯಿಂದನ. ಟಿವಿಯೊಳಗ ಬೆಂಕಿ ಹತ್ತಿರೂ ಹೊತ್ತಿನ್ಯಾಗೂ ಯಾವ ಫೋನ್ ರಿಂಗ್ ಆಗಾಕತ್ತೈತಿ ಅಂತ ನೋಡೂದು ಕಲೀರಿ. ನಿಮ್ಮ ಮೊಬೈಲ್ ಕ್ಯಾಲೆಂಡರ್‌ನ್ಯಾಗ ಜನವರಿ 1ಕ್ಕ ರಿಮೈಂಡರ್ ಹಾಕಿ, ಆವತ್ತು ವಿದೇಶಾಂಗ ಇಲಾಖೆಯ ನಾಕ ಸಾಲಿನ ಪ್ರಕಟಣೆ ಓದ್ರಿ.

ಹೇಳಿಕಿ ಓದೂದಕ್ಕ ಒಂದ ಸಣ್ಣ ಕೆಲಸ ಐತಿ. ಎರಡು ದೇಶದ ಮಂತ್ರಿಗಳು ಭೇಟಿ ಆದಾಗ ಜಂಟಿ ಹೇಳಿಕಿ ಬಂತೋ, ಇಬ್ಬರೂ ಬ್ಯಾರೆ ಬ್ಯಾರೆ ಬಿಟ್ಟರೋ ನೋಡ್ರಿ. ಬ್ಯಾರೆ ಬ್ಯಾರೆ ಬಿಟ್ಟರು ಅಂದ್ರ ಎರಡನ್ನೂ ಪ್ರಿಂಟ್ ಹಾಕಿ ಬಾಜೂ ಬಾಜೂ ಇಟ್ಟು, ಒಬ್ಬರು ಹೇಳಿ ಇನ್ನೊಬ್ಬರು ಬಿಟ್ಟದ್ದಕ್ಕ ಕೆಂಪ ಪೆನ್ನಿನಿಂದ ಗೆರಿ ಎಳೀರಿ. ಹೋದ ವರ್ಷದ ಹೇಳಿಕಿ ಜೋಡಿ ಈ ವರ್ಷದ್ದೂ ಹಂಗ ಇಟ್ಟು ನೋಡ್ರಿ, ಯಾವ ಶಬ್ದ ಹೊಸದು, ಯಾವ ದೇಶದ ಹೆಸರು ಬಿಟ್ಟು ಹೋಗೈತಿ. ನಾ ಹೇಳೂ ಎಲ್ಲಾದರಾಗ ಇದು ಭಾಳ ಬ್ಯಾಸರ ಬರಸೂ ಕೆಲಸ, ಭಾಳ ಫಲ ಕೊಡೂ ಕೆಲಸನೂ ಇದ.

ಇತಿಹಾಸ ಬ್ಯಾಡ ಅನ್ನೂ ಹುಡುಗ್ರಿಗೆ ನಾ ವಿಜಯಪುರಕ್ಕ ಕರಕೊಂಡ ಹೋಗ್ತೀನಿ. ತಾಳಿಕೋಟಿ, ರಕ್ಕಸಗಿ-ತಂಗಡಗಿ ಅಂತೀವಲ್ಲ, 1565ರ ಯುದ್ಧ, ಅದನ್ನ ಯುದ್ಧ ಅಂತ ಓದಬ್ಯಾಡ್ರಿ, ಅದಕ್ಕ ಮೊದಲಿನ ಮಾತುಕತಿ ಓದ್ರಿ. ಬಿಜಾಪುರದ ಸುಲ್ತಾನ ಅಲಿ ಆದಿಲ್‌ಶಾಹ ಅದಕ್ಕೂ ಮೊದಲ ವಿಜಯನಗರದ ರಾಮರಾಯನ ಜೋಡಿ ಕೂಡಿ ಅಹಮದನಗರದ ಮ್ಯಾಲೆ ಹೋದವ. ಆಮ್ಯಾಲೆ ಅದ ಅಹಮದನಗರದ ಜೋಡಿ ಬೀಗತನ ಆತು, ಚಾಂದಬೀಬಿ ಬಿಜಾಪುರದ ಸೊಸಿ ಆದಳು, ಅಲಿಯ ತಂಗಿ ಅಹಮದನಗರಕ್ಕ ಹೋದಳು, ಎರಡೂ ಮನಿ ನಡುವ ಜಗಳದ ಗಂಟು ಆಗಿದ್ದ ಸೋಲಾಪುರ ಕ್ವಾಟೆ ಬಳುವಳಿಯಾಗಿ ಬಿಜಾಪುರಕ್ಕ ಬಂತು. ಗಡಿ ತಂಟೆ ಮೊದಲ ಬಗಿಹರಿಸಿ ಆಮ್ಯಾಲೆ ಕೂಡಿ ವಿಜಯನಗರದ ಮ್ಯಾಲೆ ಯುದ್ಧಕ್ಕ ಹೋದರು ನೋಡ್ರಿ. ಗೆದ್ದ ಮ್ಯಾಲೆ ಆ ಒಗ್ಗಟ್ಟು ಬಾಳಿಕಿ ಬರಲಿಲ್ಲ, ಮುಂದ ಅವೆರಡ ಮನೆತನ ಮತ್ತ ಕಾದಾಡಿದವು. ಎದರಿನ ವೈರಿ ಹೋದ ಮ್ಯಾಲೆ ಒಕ್ಕೂಟಕ್ಕ ಏನಾಕ್ಕೈತಿ ಅಂಬೂ ಪ್ರಶ್ನೆ 1991ರಾಗ ಸೋವಿಯತ್ ಒಡದಾಗ ನೇಟೋಕ್ಕೂ ಬಂತು. ಅದು ಉಳಕೊಂಡದ್ದಲ್ಲದ ಬೆಳೀತು, 2024ಕ್ಕ ಸ್ವೀಡನ್ ಸೇರಿ 32 ದೇಶ ಆತು. ಯಾಕ ಒಂದು ಮುರೀತು, ಯಾಕ ಒಂದು ಬೆಳೀತು ಅಂತ ಎರಡು ಪುಟ ಬರದು ನೋಡ್ರಿ.

ಹಂಗ ಶೇರ್ಜಾ ಬುರುಜಿನ ಮ್ಯಾಲಿರೂ ಮಲಿಕ್-ಏ-ಮೈದಾನ ತೋಪಿನ ಮುಂದ ಹತ್ತ ನಿಮಿಷ ನಿಂದರ್ರಿ. ಸುಮಾರು 55 ಟನ್, ಬಾಯಿ ಕಡೆ ಸಿಂಹ ಆನಿ ನುಂಗಾಕತ್ತಂಗ ಕೆತ್ತ್ಯಾರ, ಬಿಸಲಾಗ ನಿಂತರೂ ಲೋಹ ತಣ್ಣಗಿರ್ತೈತಿ ಅಂತಾರ. 1549ರಾಗ ಅಹಮದನಗರದಾಗ ಎರಕ ಹೊಯ್ದದ್ದು, ಮಾಡಿದವ ರೂಮಿ, ಅಂದ್ರ ತುರ್ಕಿ ಕಡೆಯಿಂದ ಬಂದ ಕಸಬುದಾರ. ಹೊರಗಿನ ತಂತ್ರಜ್ಞಾನ ತರಸೂದು, ಅದನ್ನ ಮಾಡೂ ಮಂದಿನ್ನ ಉಳಿಸ್ಕೊಳ್ಳೂದು, ಕಡೀಕ ಆ ಮಾಲು ಇನ್ನೊಬ್ಬರ ಕೈ ಸೇರೂದು, ಇವತ್ತ ಶಸ್ತ್ರ ವ್ಯಾಪಾರದ ಅಂಕಿ ಓದೂವಾಗ ಬರೂ ಪ್ರಶ್ನೆ ಎಲ್ಲಾ ಆ ಬುರುಜಿನ ಮ್ಯಾಲೆ ಅದಾವ.

ಎಲ್ಲಿ ಓದೂದು ಅಂದ್ರ: ವಿದೇಶಾಂಗ ಮತ್ತ ರಕ್ಷಣಾ ಇಲಾಖೆಯ ವಾರ್ಷಿಕ ವರದಿ, ಸರಕಾರದ ಸುದ್ದಿ ಸಂಸ್ಥೆ ಪಿಐಬಿಯ ಪ್ರಕಟಣೆ, ಪಾರ್ಲಿಮೆಂಟಿನ ರಕ್ಷಣಾ ಸ್ಥಾಯಿ ಸಮಿತಿ ವರದಿ, ಲೋಕಸಭೆ-ರಾಜ್ಯಸಭೆ ಪ್ರಶ್ನೋತ್ತರ, ಎಲ್ಲಾ ಪುಕಟ ಸಿಗ್ತಾವ. ಶಸ್ತ್ರ ಯಾರು ಯಾರಿಗೆ ಮಾರಿದರು ಅಂಬೂದಕ್ಕ ಸ್ವೀಡನ್ನಿನ ಸಿಪ್ರಿ ಸಂಸ್ಥೆಯ ಅಂಕಿ-ಸಂಖ್ಯೆ. ದಿಲ್ಲಿಯ ಮನೋಹರ್ ಪರಿಕ್ಕರ್ ರಕ್ಷಣಾ ಅಧ್ಯಯನ ಸಂಸ್ಥೆ 1965ರಿಂದ ಐತಿ, ಅವರ ಲೇಖನ ಆನ್‌ಲೈನ್ ಓದಬಹುದು. ವಿಶ್ವಸಂಸ್ಥೆ ಸನ್ನದಿನ್ಯಾಗ 2ನೇ ಕಲಂನ 4ನೇ ಭಾಗ, ಆಮ್ಯಾಲೆ 51ನೇ ಕಲಂ, ಇವೆರಡು ಬಾಯಿಪಾಠ ಇರಲಿ, ಮೊದಲನೇದು ಬಲ ಬಳಸಬ್ಯಾಡ ಅಂತೈತಿ, ಎರಡನೇದು ದಾಳಿ ಆದ್ರ ಆತ್ಮರಕ್ಷಣೆ ಹಕ್ಕೈತಿ ಅಂತೈತಿ, ದಾಳಿ ಮಾಡಿದ ದೇಶಗಳು ಹೆಚ್ಚಾಗಿ ಎರಡನೇದರ ಹೆಸರ ಹೇಳ್ತಾವ. ವಾಟ್ಸಾಪಿನ್ಯಾಗ ಬಂದದ್ದು ಮೂಲ ಸಿಗೂ ತನಕ ವಹಿಯೊಳಗ ಏರಿಸಬ್ಯಾಡ್ರಿ.

ಕೋರ್ಸ್ ಮಾಡೂ ಮನಸಿದ್ದವರಿಗೆ ಪುಣೆ ವಿಶ್ವವಿದ್ಯಾಲಯದಾಗ ಡಿಫೆನ್ಸ್ ಆಂಡ್ ಸ್ಟ್ರ್ಯಾಟೆಜಿಕ್ ಸ್ಟಡೀಸ್ ವಿಭಾಗ ಐತಿ, ಬೆಳಗಾವಿಯಿಂದ ರಾತ್ರಿ ಗಾಡಿ ಹತ್ತಿದ್ರ ಮುಂಜಾನೆ ಇಳೀತೀರಿ. ಮದ್ರಾಸಿನ್ಯಾಗೂ ಐತಿ, ಮಣಿಪಾಲದಾಗ ಜಿಯೋಪಾಲಿಟಿಕ್ಸ್ ವಿಭಾಗ ಐತಿ, ದಿಲ್ಲಿ ಜೆಎನ್‌ಯುದಾಗ ಅಂತರರಾಷ್ಟ್ರೀಯ ಅಧ್ಯಯನ. ಯುಜಿಸಿ ನೆಟ್‌ನ್ಯಾಗ ಇದು ಒಂದ ವಿಷಯನ ಐತಿ. ನೌಕರಿ ಕಡಿಮಿ ಅದಾವ, ಅದನ್ನ ಮುಚ್ಚಿಡೂದಿಲ್ಲ, ಹಂಗಂತ ಯುಪಿಎಸ್‌ಸಿ ಓದೂವರಿಗೆ ಇದರಾಗಿಂದು ಒಂದ ಸಾಲೂ ಹಾಳ ಆಗೂದಿಲ್ಲ. ಮತ್ತ ಒಂದ ಪರದೇಶದ ಭಾಷಾ ಕಲೀರಿ, ಚೀನಿ, ರಷ್ಯನ್, ಫಾರ್ಸಿ ಯಾವುದರ. ಇಂಗ್ಲಿಷಿನ್ಯಾಗ ಬಂದದ್ದಷ್ಟ ಓದಿದ್ರ ಒಂದ ಕಣ್ಣು ಮುಚ್ಚಿಕೊಂಡಂಗ.

ಕಡೀದು, ಒಬ್ಬರ ಓದಬ್ಯಾಡ್ರಿ, ನಾಕ ಮಂದಿ ಕೂಡಿ ಆಡಿ ನೋಡ್ರಿ. ನಾವು ಬಾಗಲಕೋಟಿಯೊಳಗ ಒಮ್ಮೆ ಮಾಡಿದ್ದೆವು, ಇಬ್ಬರು ಮ್ಯಾಲಿನ ದೇಶ, ಇಬ್ಬರು ಕೆಳಗಿನ ದೇಶ, ನಡುವ ಒಂದ ನದಿ, ಒಂದ ಅಣೆಕಟ್ಟು. ದೇಶದ ಹೆಸರು ಬ್ಯಾಡ ಅಂದಿದ್ದೆ, ಆದ್ರ ಎಲ್ಲಾರ ಮನಸಿನ್ಯಾಗ ಇದ್ದದ್ದು ಆಲಮಟ್ಟಿ, ಈಗಿನ ಮಟ್ಟ 519.60 ಮೀಟರ್, ಏರಿಸಬೇಕಂಬೂ ಮಟ್ಟ 524.256 ಮೀಟರ್ ಅಂಬೂ ಅಂಕಿ ನಮ್ಮ ಹುಡುಗ್ರಿಗೆ ಯಾರೂ ಕಲಿಸಬೇಕಾಗಿಲ್ಲ, ಹಿನ್ನೀರಿಗೆ ಮನಿ ಕೊಟ್ಟವರ ಮಕ್ಕಳು. ಮೊದಲನೇ ತಾಸು ಬರೇ ಒದರಾಟ. ಎತ್ತರದ ಮಾತು ಯಾರೂ ಬಿಡಲಿಲ್ಲ, ಒಬ್ಬಾಕಿ ಎದ್ದು ಬಾಗಲತನಕ ಹೋದಳು. ಆಮ್ಯಾಲೆ ಕೆಳಗಿನ ದೇಶದ ಹುಡುಗ ಒಂದ ಮಾತ ಕೇಳಿದ, ಎತ್ತರ ಇರಲಿ, ಮಳಿಗಾಲದಾಗ ಗೇಟ್ ಯಾವಾಗ ತಗೀತೀರಿ ಅಂತರ ಹೇಳ್ತೀರೇನು ಅಂದ. ಆ ಹುಡುಗಿ ಬಂದು ಕುಂತಳು. ಮೂರು ತಾಸಾದ ಮ್ಯಾಲೆ ಒಂದ ಸಾಲು ಬರದು ನಾಕೂ ಮಂದಿ ಸಹಿ ಹಾಕಿದರು: ನೀರಿನ ಮಟ್ಟ ಎಷ್ಟೈತಿ ಅಂತ ದಿನಾ ಮುಂಜಾನೆ ಎಂಟಕ್ಕ ತಿಳಸೂದು. ಆವಾಗ ನಾ ಅವರಿಗೆ ಭಾರತ-ಪಾಕಿಸ್ತಾನದ 1960ರ ಸಿಂಧೂ ಜಲ ಒಪ್ಪಂದದ 6ನೇ ಕಲಂ ತಗದು ತೋರಿಸಿದೆ, ಅದೂ ಪೂರ್ತಿ ನೀರಿನ ಲೆಕ್ಕ ಒಬ್ಬರಿಗೊಬ್ಬರು ಕೊಡೂದರ ಬಗ್ಗೆನ ಐತಿ. 2025 ಏಪ್ರಿಲ್‌ನ್ಯಾಗ ಭಾರತ ಆ ಒಪ್ಪಂದ ತಡೆ ಹಿಡೀತು ಅಂತ ಸುದ್ದಿ ಬಂದ ದಿನ ಆ ನಾಕೂ ಮಂದಿ ನನಗ ಫೋನ್ ಮಾಡಿ ಕೇಳಿದ ಪ್ರಶ್ನೆ ಒಂದ: "ಸರ್, ಹಂಗಾರ ಇನ್ನ ಮುಂದ ಆ ಲೆಕ್ಕ ಕಳಸ್ತಾರೋ ಇಲ್ಲೋ?"